ನಾನು ಬರೆದ ಕಾಗದ, ಅವ್ವ ಕೊಟ್ಟ ರೊಟ್ಟಿ

ನಮ್ಮೂರ ಚಾವಡಿ ಕಟ್ಟೆಯ ಮೇಲೆ ಕುಳಿತ ಮೊದಲ ಹೆಂಗಸು ನಾನು. ಇದನ್ನು ಬರೀ ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು. ಈಗಲೂ ಹೇಳುತ್ತೇನೆ, ಆದರೆ ಅದರ ಬೆನ್ನಿಗಿರುವ ಮಾತನ್ನೂ ಸೇರಿಸಿ ಹೇಳುತ್ತೇನೆ. ಆ ದಿನ ಅಲ್ಲಿ ಕುಳಿತು ನಾನು ಒಂದು ಕಾಗದ ಬರೆದೆ. ಊರ ಬಾವಿಗೆ ಕುತ್ತು ಬಂದದ್ದು ಆ ಕಾಗದದಿಂದ.

ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ನದಿಯಿಂದ ಒಂದು ಹರದಾರಿ ದೂರದಲ್ಲಿ ನಮ್ಮೂರು. ಎರಡು ಮೊಳ ಕರಿಮಣ್ಣು, ಅದರ ಕೆಳಗೆ ಹಾಸುಗಲ್ಲು. ಮನೆಯ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸುವ ಖಣಿಯಲ್ಲಿ ಅಪ್ಪ ದುಡಿದ. ಧೂಳು ಎದೆಯಲ್ಲಿ ಕುಳಿತು, ಕೆಮ್ಮಿ ಕೆಮ್ಮಿ, ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಸತ್ತ. ಅಲ್ಲಿಂದ ಮುಂದೆ ಅವ್ವ ಮದುವೆಮನೆಗಳಲ್ಲಿ, ಗೌಡರ ಮನೆಯಲ್ಲಿ, ಯಾರು ಕರೆದರೆ ಅಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದಳು. ನಾನು ಗುಲಬರ್ಗಾದ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡಿದೆ. ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾಗಿ ಮತ್ತೆ ಕಟ್ಟಿ ಪಾಸಾದೆ. ನಮ್ಮ ಮನೆತನದಲ್ಲಿ ಅಷ್ಟೇ ಅಲ್ಲ, ನಮ್ಮ ಓಣಿಯಲ್ಲೇ ಗಂಡಸು ಹೆಂಗಸು ಯಾರೂ ಅಷ್ಟು ಓದಿರಲಿಲ್ಲ. ಅಂಕಪಟ್ಟಿಯನ್ನು ಅವ್ವ ಲಿಂಗಪೂಜೆಯ ಸಾಮಾನಿಡುವ ಗೂಡಿನಲ್ಲಿಟ್ಟಳು. ವಿಭೂತಿ ಹತ್ತಿ ಅದರ ಒಂದು ಮೂಲೆ ಇಂದಿಗೂ ಬೆಳ್ಳಗಿದೆ.

ತೊಂಬತ್ತರ ದಶಕದ ಮಧ್ಯದ ಮಾತು. ಜೋಳದ ರಾಶಿ ಮುಗಿದಿತ್ತು. ಎರಡು ಜೀಪು, ನೆಲ ಕೊರೆಯುವ ಯಂತ್ರ ಹೊತ್ತ ಒಂದು ಲಾರಿ ಬಂದು, ದನ ಮೇಯುವ ಗಾಯರಾಣದಲ್ಲಿ ಡೇರೆ ಹಾಕಿದವು. ಲಾರಿಯ ಮೇಲೆ ಅಂಥ ಯಂತ್ರ ಬಂತೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ, ಬೋರು. ಊರಿಗೆ ಇದ್ದದ್ದು ಒಂದೇ ಸಿಹಿನೀರಿನ ಬಾವಿ, ಬೇಸಿಗೆಯಲ್ಲಿ ಅದರ ತಳ ಕಾಣುತ್ತಿತ್ತು. ಹೆಂಗಸರು ಹೋಗಿ ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದರು. ಕ್ಯಾಂಪಿನ ಸಾಹೇಬರು, ಇನ್ನೂ ಮೂವತ್ತು ತುಂಬದವರು, ನಗುತ್ತ ಕೊಬ್ಬರಿ ಹೋಳು ಇಸಿದುಕೊಂಡು ತಿಂದರು. ನೀರಿಗೆ ಬಂದಿಲ್ಲ ಎಂದು ಅವರೂ ಹೇಳಲಿಲ್ಲ, ಯಾತಕ್ಕೆ ಬಂದಿರಿ ಎಂದು ನಾವೂ ಕೇಳಲಿಲ್ಲ.

ಮೂರನೆಯ ದಿನ ಗೌಡರು ನನ್ನನ್ನು ಚಾವಡಿಗೆ ಕರೆಸಿದರು. ನಾನು ಹೆಂಗಸರು ನಿಲ್ಲುವ ಹಾಗೆ ಕಟ್ಟೆಯ ಕೆಳಗೆ ಸೆರಗು ಹೊದ್ದು ನಿಂತೆ.

"ಬಾ ತಂಗಿ, ಮ್ಯಾಲ ಬಾ. ಬಿ.ಎ. ಆದಾಕಿ ಕೆಳಗ ಯಾಕ ನಿಂತಿ?" ಎಂದರು ಗೌಡರು.

ಮೂಲೆಯಲ್ಲಿ ಕುಳಿತ ಮುದುಕನೊಬ್ಬ ಗೊಣಗಿದ: "ಹೆಣ್ಣಮಗಳು ಕಟ್ಟಿ ಏರಿದರ ಮಳಿ ಆಗೂದಿಲ್ಲ ಗೌಡಾ."

"ಹ್ವಾದ ವರ್ಷ ಯಾರೂ ಏರಿದ್ದಿಲ್ಲಲ್ಲೋ ಮುತ್ಯಾ, ಆಗೇನ ಹೊಳಿ ಬಂದು ನಿನ್ನ ಮನಿ ತೊಳದಿತ್ತೇನು?"

ಎಲ್ಲರೂ ನಕ್ಕರು. ನಾನು ಚಪ್ಪಲಿ ಬಿಟ್ಟು ಮೇಲೆ ಹತ್ತಿದೆ. ಫರಸಿ ಕಲ್ಲಿನ ಕಟ್ಟೆ ಅಂಗಾಲಿಗೆ ತಣ್ಣಗಿತ್ತು. ಅಪ್ಪ ಎಬ್ಬಿಸಿದ ಕಲ್ಲು ಇದರಲ್ಲಿ ಒಂದಾದರೂ ಇದ್ದೀತು ಅನಿಸಿತು.

ತಹಸೀಲಿನಿಂದ ಬಂದ ಕಾರಕೂನರು ಏನು ಬರೆಯಬೇಕೆಂದು ಹೇಳಿದರು. ಊರ ಗಾಯರಾಣದಲ್ಲಿಯೂ ಊರ ಬಾವಿಯ ಸುತ್ತಲಿನ ಜಾಗದಲ್ಲಿಯೂ ಸರಕಾರದವರು ನೆಲ ಕೊರೆಯಲು ನಮ್ಮ ಯಾವ ತಕರಾರೂ ಇಲ್ಲ. ಇಷ್ಟೇ. ಇಷ್ಟು ಬರೆದರೆ ಬಿ.ಎ. ಓದಿದ್ದಕ್ಕೆ ಕಡಿಮೆಯಾಯಿತೇನೋ ಎಂದು ನಾನು ಒಂದು ಶಬ್ದ ಸೇರಿಸಿದೆ, "ಸಂತೋಷದಿಂದ". ಸಂತೋಷದಿಂದ ಒಪ್ಪಿರುತ್ತೇವೆ. ಗೌಡರು ಓದಿಸಿ ಕೇಳಿ, ತಲೆದೂಗಿದರು. ಗಂಡಸರು ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು, ಬರೆಯಲು ಬರುವವರು ಸಹಿ ಮಾಡಿದರು. ಕೊನೆಗೆ ಬಿಕಲಂ, ಅಂದರೆ ಬರೆದವರು, ಎಂಬಲ್ಲಿ ನನ್ನ ಹೆಸರು ಬರೆದು ಮುಂದೆ ಬಿ.ಎ. ಎಂದು ಹಾಕಿದೆ.

ಯಾತಕ್ಕಾಗಿ ಕೊರೆಯುತ್ತೀರಿ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಕೇಳಿದರೆ ಓದಿದವಳಿಗೆ ಗೊತ್ತಿಲ್ಲ ಎಂದು ಅಷ್ಟೂ ಗಂಡಸರ ಎದುರು ತೋರಿಸಿಕೊಂಡಂತಾಗುತ್ತಿತ್ತು. ನುಂಗಿದೆ.

ಊರ ಕೆಲಸಕ್ಕೆ ಬಂದವರಿಗೆ ಊರೇ ರೊಟ್ಟಿ ಕೊಡುವುದು ನಮ್ಮಲ್ಲಿ ರೂಢಿ. ದಿನಕ್ಕೆ ಎರಡು ಮನೆಯ ಸರದಿ. ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಇಟ್ಟು, ಬಟ್ಟೆ ಮುಚ್ಚಿ, ಕ್ಯಾಂಪಿಗೆ ಒಯ್ದು ಕೊಡುವುದು. ಅಲ್ಲಿ ಕೂಲಿಗಳು ಐದಾರು ಮಂದಿ ಇದ್ದರು, ಎಲ್ಲ ಆಳಂದದ ಕಡೆಯವರು. ಅವರಲ್ಲಿ ಹಿರಿಯ ಒಬ್ಬ ಗಡಿಯ ಹತ್ತಿರದ ಹಿರೋಳ್ಳಿಯವನು. ಅವನ ಮಾತಿನಲ್ಲಿ ಅರ್ಧ ಮರಾಠಿ. ನಮ್ಮ ಸರದಿಯ ದಿನ ಅವ್ವ ಎರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು. ಯಂತ್ರದ ಮುಂದೆ ನಿಂತವರ ಕೆಮ್ಮು ಆಕೆಗೆ ಗುರುತಿತ್ತು.

ಯಂತ್ರ ಕೊರೆಯಿತು, ನೀರು ಬರಲಿಲ್ಲ. ಬಂದದ್ದು ಮುಂಗೈ ಉದ್ದದ, ಲಟ್ಟಣಿಗೆಯಂತೆ ದುಂಡಗಿನ ಕಲ್ಲಿನ ತುಂಡುಗಳು. ಅವಕ್ಕೆ ನಂಬರು ಬರೆದು ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿಸುತ್ತಿದ್ದರು. ಒಂದು ಕಡೆ ನೀರು ಸಿಕ್ಕಿಯೂ ಸಿಕ್ಕಿತು. ನೋಡಲು ಊರೇ ಓಡಿತು. ಮರುದಿನ ಆ ತೂತಿಗೆ ಸಿಮೆಂಟು ತುಂಬಿ ಮುಚ್ಚಿದರು.

"ನೀರ ಬಂದಿದ್ದಕ್ಕ ಸಿಮೆಂಟ ಬಡದಾರಲ್ಲಬೇ! ಇವ್ರು ಯಾತರ ಮಂದಿ?" ಎಂದು ನಮ್ಮ ಎದುರುಮನೆಯಾಕೆ ಬಂದು ನನ್ನನ್ನೇ ಕೇಳಿದಳು. ಕೇಳುವುದು ಸರಿ, ಬರೆದುಕೊಟ್ಟವಳು ನಾನು.

ಆವತ್ತು ಕ್ಯಾಂಪಿಗೆ ಹೋಗಿ ಸಾಹೇಬರನ್ನು ಕೇಳಿದೆ. ಅವರು ಕುರ್ಚಿ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು. ನೀವು ಓದಿದವರು, ನಿಮಗೆ ಹೇಳಿದರೆ ತಿಳಿಯುತ್ತದೆ ಎಂದು ಹರಕು ಕನ್ನಡದಲ್ಲಿ ಹೇಳಿ, ಯುರೇನಿಯಂ ಎಂದರು. ಭೀಮಾ ದಂಡೆಯ ಈ ಕಲ್ಲಿನಲ್ಲಿ ಇದೆಯೋ ಇಲ್ಲವೋ ನೋಡುತ್ತಿದ್ದೇವೆ, ಇದ್ದರೆ ಮುಂದೆ ಗಣಿ ಆಗಬಹುದು, ಇನ್ನು ಬಾವಿಯ ಹತ್ತಿರ ಕೊರೆಯುವುದಿದೆ. ನನ್ನದು ಇತಿಹಾಸದ ಬಿ.ಎ. ನಾನು ತಿಳಿದವಳ ಹಾಗೆ ತಲೆಯಾಡಿಸಿ ಎದ್ದು ಬಂದೆ.

ಮರುದಿನ ಬಸ್ಸು ಹಿಡಿದು ಗುಲಬರ್ಗಾಕ್ಕೆ ಹೋದೆ. ಕಾಲೇಜಿನಲ್ಲಿ ನನಗೆ ಪಾಠ ಮಾಡಿದ್ದ ಮೇಷ್ಟ್ರು ವಿಜ್ಞಾನದ ಇನ್ನೊಬ್ಬರ ಬಳಿ ಕರೆದೊಯ್ದರು. ಬಾಂಬಿಗೂ ಕರೆಂಟಿಗೂ ಬಳಸುವ ಧಾತು ಅದು, ಅದರ ಕಸುವು ಕಣ್ಣಿಗೆ ಕಾಣದು, ಮೂಗಿಗೆ ಬಡಿಯದು. ಗಣಿ ಆದಲ್ಲಿ ಧೂಳು ಮತ್ತು ನೀರಿನದೇ ದೊಡ್ಡ ಚಿಂತೆ. ಈಗ ಬರೀ ಪರೀಕ್ಷೆಗೆ ಕೊರೆಯುವುದರಿಂದ ಏನಾಗುತ್ತದೆ ಎಂದು ನಾನು ಖಚಿತವಾಗಿ ಹೇಳಲಾರೆ ಎಂದೂ ಅವರು ಹೇಳಿದರು. ಹೆದರಿಸಲಿಲ್ಲ, ಧೈರ್ಯವನ್ನೂ ಕೊಡಲಿಲ್ಲ.

ಇದನ್ನು ಊರಿಗೆ ಹೇಗೆ ಹೇಳುವುದು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಚಾವಡಿಯಲ್ಲಿ ಅವೆಲ್ಲ ಬಿದ್ದುಹೋಗಿ, ಬಾಂಬಿಗೆ ಹಾಕುವ ಕಲ್ಲು ಎಂದುಬಿಟ್ಟೆ.

"ನನ್ನ ಹೊಲದಾಗ ಬಾಂಬ್ ಅದ ಏನು?" ಎಂದ ಒಬ್ಬ.

"ನಿನ್ನ ಹೊಲದಾಗ ಅಲ್ಲಲೇ, ನಿನ್ನ ಮನ್ಯಾಗ. ಅದಕ್ಕ ನಿನ್ನ ಹೇಣ್ತಿ ದಿನಾ ಸಿಡೀತಾಳ" ಎಂದ ಇನ್ನೊಬ್ಬ.

ನಗೆ ಬೇಗ ನಿಂತಿತು. ಕೆಳಗೆ ನಿಂತಿದ್ದ ಅವ್ವ, ಯಾರನ್ನೂ ನೋಡದೆ, "ಬಾಂಬ್ ನನಗ ಗೊತ್ತಿಲ್ಲ. ಕಲ್ಲಿನ ಧೂಳ ಏನ ಮಾಡ್ತದ ಗೊತ್ತದ" ಎಂದಳು. ಆಮೇಲೆ ಯಾರೂ ತಮಾಷೆ ಮಾಡಲಿಲ್ಲ. ಆ ಕಟ್ಟೆಯ ಮೇಲೆ ಕುಳಿತವರಲ್ಲಿ ಅರ್ಧ ಮಂದಿ ಅಪ್ಪನ ಹೆಣಕ್ಕೆ ಹೆಗಲು ಕೊಟ್ಟವರು.

ಜೇವರ್ಗಿಗೆ ಹೋಗಿ ತಹಸೀಲಿನಲ್ಲಿ ಅರ್ಜಿ ಕೊಟ್ಟೆವು. ಬಾವಿಯ ಹತ್ತಿರ ಕೊರೆಯಬೇಡಿ ಎಂದು ಅರ್ಜಿ. ಅದನ್ನೂ ನಾನೇ ಬರೆದದ್ದು. ಅಲ್ಲಿಯವರು ಫೈಲು ತೆಗೆದು ನನ್ನ ಮೊದಲಿನ ಕಾಗದ ತೋರಿಸಿದರು. ಅಕ್ಷರ ಒಂದೇ. "ಸಂತೋಷದಿಂದ ಅಂತ ಬರದೀರಿ, ಈಗ ಏನಾತ್ರಿ ನಿಮ್ಮ ಸಂತೋಷಕ್ಕ?" ಎಂದು ಕೇಳಿ ಎರಡನ್ನೂ ಕಪಾಟಿನಲ್ಲಿ ಇಟ್ಟರು. ಬರುವಾಗ ಬಸ್ಸಿನಲ್ಲಿ ಗೌಡರು ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕುಳಿತರು.

ಹಾಗಾಗಿ, ಊರು ಮತ್ತೆ ಕೂಡಿದಾಗ, ಏನಾದರೂ ಒಂದು ಹೇಳಲೇಬೇಕೆಂಬ ಹಟ ನನಗೆ. ಹೇಳಿದೆ: "ರೊಟ್ಟಿ ನಿಲ್ಲಿಸೋಣ. ನೀರೂ ಕೊಡೋದು ಬ್ಯಾಡ. ಉಣ್ಣಾಕ ಇಲ್ಲಂದ್ರ ಎಷ್ಟ ದಿನ ಇರ್ತಾರ?" ಎಲ್ಲರಿಗೂ ಸರಿಯೆನಿಸಿತು. ಸರದಿ ರದ್ದಾಯಿತು. ಪಕ್ಕದ ಊರಿಗೂ ಹೇಳಿ ಕಳಿಸಿದೆವು, ಅವರೂ ಒಪ್ಪಿದರು.

ಅವ್ವ ಮನೆಗೆ ಬಂದ ಮೇಲೆ ಬಾಯಿಬಿಟ್ಟಳು. "ಹಸದು ಬಂದವ್ರನ್ನ ಹೊಳ್ಳಿ ಕಳಸೂದು ನಿನ್ನ ಕಾಲೇಜಿನ್ಯಾಗ ಕಲಿಸ್ಯಾರೇನು?"

"ಅವ್ವಾ, ಇದು ಹೋರಾಟ."

"ಹೋರಾಟಕ್ಕ ನಂದೇನ ತಕರಾರಿಲ್ಲ. ರೊಟ್ಟೀದ ಅದ."

ಅವ್ವ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಪೂಜೆಯಾಗದೆ ಬಾಯಿಗೆ ನೀರು ಹಾಕುತ್ತಿರಲಿಲ್ಲ, ಬಾಗಿಲಲ್ಲಿ ನಿಂತವರಿಗೆ ಹಾಕದೆ ತಾನು ಉಣ್ಣುತ್ತಿರಲಿಲ್ಲ. ದಾಸೋಹ ಎಂಬುದು ಆಕೆಗೆ ಮಠದ ಮಾತಾಗಿರಲಿಲ್ಲ, ಒಲೆಯ ಮುಂದಿನ ಕೆಲಸವಾಗಿತ್ತು. ಆದರೂ ಊರ ಮಾತು ಮೀರಲಿಲ್ಲ. ಕ್ಯಾಂಪಿನ ದಾರಿಯ ಕಡೆಗಿನ ಬಾಗಿಲು ಹಾಕಿಕೊಂಡು ರೊಟ್ಟಿ ಬಡಿಯತೊಡಗಿದಳು. ಬಡಿಯುವ ಸಪ್ಪಳ ಹೊರಗೆ ಕೇಳದಿರಲಿ ಎಂದೋ ಏನೋ, ಅಂಗೈ ಮೆಲ್ಲಗೆ ಆಡುತ್ತಿತ್ತು. ಆ ದಿನಗಳ ರೊಟ್ಟಿ ದಪ್ಪವಾಗಿರುತ್ತಿದ್ದವು.

ಒಂದು ವಾರ ಕಳೆಯಿತು. ದಿನಾ ಮಧ್ಯಾಹ್ನ ಜೇವರ್ಗಿಯ ಕಡೆಯಿಂದ ಒಂದು ಜೀಪು ಬಂದು ಹೋಗುತ್ತಿತ್ತು. ಯಂತ್ರ ನಿಲ್ಲಲಿಲ್ಲ. ಇನ್ನೆರಡು ದಿನ, ಇನ್ನೆರಡು ದಿನ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಎಂಟನೆಯ ದಿನ ಮಧ್ಯಾಹ್ನ ಅವ್ವ ಪೂಜೆ ಮುಗಿಸಿ ಗಂಗಾಳದ ಮುಂದೆ ಕುಳಿತಿದ್ದಳು. ಎರಡು ರೊಟ್ಟಿ, ಪುಂಡಿಪಲ್ಯ. ಹೊಸ್ತಿಲಿನ ಹೊರಗೆ ಹಿರೋಳ್ಳಿಯವನು ಬಂದು ನಿಂತ. ತುಟಿ ಒಡೆದಿತ್ತು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು.

"ಅಕ್ಕಾ, ಜರಾ ನೀರ ಕೊಡ್ತೀರೇನ್ರಿ?"

ನಾನು ಎದ್ದು ಅಡ್ಡ ನಿಂತೆ. "ಬ್ಯಾಡವ್ವಾ. ಓಣಿ ನೋಡಾಕತ್ತದ."

"ನೋಡ್ಲಿ. ಸರಿ ಅತ್ಲಾಗ" ಎಂದಳು ಅವ್ವ. ಅವನಿಗೆ, "ನೀರಿಲೆ ಹೊಟ್ಟಿ ತುಂಬತದೇನೋ ಯಪ್ಪಾ? ಒಳಗ ಬಾ" ಎಂದು, ತನ್ನ ಗಂಗಾಳವನ್ನೇ ಅವನ ಮುಂದೆ ಸರಿಸಿದಳು.

ಅವನು ಆತುರ ಮಾಡದೆ, ಮುರಿದು ಮುರಿದು ತಿಂದ. ನಾನು ಸಿಟ್ಟಿನಿಂದ ಕೇಳಿದೆ, ಕ್ಯಾಂಪಿನಲ್ಲಿ ಉಣ್ಣಾಕ ಇಲ್ಲೇನು ಅಂತ.

"ಸಾಹೇಬ್ರಿಗಿ ಜೀಪಿನ್ಯಾಗ ಡಬ್ಬಿ ಬರತಾವ್ರಿ ತಾಯಿ. ನಮಗ ಬರಾಂಗಿಲ್ಲ. ಚುರುಮುರಿ ಇದ್ದೂ, ಪರವಾ, ಮೊನ್ನಿ ದಿವಸ, ತೀರಿದೂ."

"ಹಂಗಾರ ಬಿಟ್ಟು ಹೋಗರಿ ಊರಿಗೆ."

"ಊರಾಗ ನಾಕ ಬಾಯಿ ಅದಾವ್ರಿ. ನಾ ಹ್ವಾದರ ಐದ ಆಗ್ತಾವ."

ದಿನಾ ಕಣ್ಣ ಮುಂದೆ ಹೋಗುತ್ತಿದ್ದ ಜೀಪು. ಅದರಲ್ಲಿ ಏನಿದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾವು ಎಂಟು ದಿನ ಉಪವಾಸ ಕೆಡವಿದ್ದು ಸಾಹೇಬರನ್ನಲ್ಲ, ನಮ್ಮಂಥವರನ್ನು. ಅಪ್ಪ ಖಣಿಗೆ ಪರ ಊರಿಗೆ ಹೋದಾಗ ಯಾರೋ ಹಾಕಿದ ರೊಟ್ಟಿ ತಿಂದು ಬದುಕಿದವನು. ಅದೂ ಆಗ ನೆನಪಾಯಿತು. ಆದರೆ ಸಿಟ್ಟು ಇಳಿಯಲಿಲ್ಲ. ತಪ್ಪು ಗೊತ್ತಾದ ಕೂಡಲೇ ಸಿಟ್ಟು ಇಳಿಯುತ್ತದೆ ಎನ್ನುವವರು ಸಿಟ್ಟು ಕಂಡವರಲ್ಲ.

ಸಂಜೆಗೆ ಚಾವಡಿಗೆ ಕರೆ ಬಂತು. ನಾವಿಬ್ಬರೂ ಕಟ್ಟೆಯ ಕೆಳಗೇ ನಿಂತೆವು. ಈ ಸಲ ಯಾರೂ ಮೇಲೆ ಬಾ ಅನ್ನಲಿಲ್ಲ.

"ಮಗಳು ಕಾಗದಾ ಬರದ ಕೊಟ್ಳು, ಅವ್ವ ರೊಟ್ಟಿ ಕೊಟ್ಳು. ಊರ ಮುಳಗಸಾಕ ಒಂದ ಮನಿ ಸಾಕಾತಲ್ಲ" ಎಂದರು ಗೌಡರು.

"ಅಂವನ್ನ ಏನರ ಕೇಳಿದೇನಬೇ? ಎಲ್ಲಿ ಕೊರೀತಾರ, ಯಾವಾಗ ಹೋಗ್ತಾರ?" ಎಂದ ಮುದುಕ.

"ಉಣ್ಣಾಂವನ್ನ ಏನ ಕೇಳೂದು ಮುತ್ಯಾ?" ಎಂದಳು ಅವ್ವ. "ಜೀಪಿನ್ಯಾಗ ಬರೂ ಡಬ್ಬಿ ನಿಲ್ಲಸಾಕ ನಿಮಗ ಆಗಲಿಲ್ಲ. ಬಡವರ ಗಂಗಾಳಕ್ಕ ಕೈ ಹಾಕೀರಿ."

ನಮ್ಮನ್ನು ಊರ ಸಭೆಗೆ ಕರೆಯಬಾರದೆಂದು ತೀರ್ಮಾನವಾಯಿತು. ಮನೆಗೆ ಬಂದು ನಾನು ಅವ್ವನ ಮೇಲೆ ಕೂಗಾಡಿದೆ, ಊರಿನಲ್ಲಿ ತಲೆ ಎತ್ತದ ಹಾಗೆ ಮಾಡಿದೆ ಎಂದೆ. ಅವ್ವ ಒಲೆಯ ಬೂದಿ ಬಳಿಯುತ್ತ ಹೇಳಿದಳು: "ನೀ ಒಂದು ಕಾಗದಾ ಕೊಟ್ಟಿ, ನಾ ಎರಡು ರೊಟ್ಟಿ ಕೊಟ್ಟೆ. ನಂದು ಅಂವ ತಿಂದು ಮುಗಿಸಿದ. ನಿಂದು ಇನ್ನಾ ಅದ."

ಆಮೇಲೆ ಒಂದೊಂದೇ ಮನೆ ಮರೆಯಲ್ಲಿ ಕೂಲಿಗಳಿಗೆ ರೊಟ್ಟಿ ಕೊಡಹತ್ತಿತು. ಹೋರಾಟ ಸಡಿಲಿತು. ಒಂದು ಸೋಮವಾರ ಬೆಳಿಗ್ಗೆ ಯಂತ್ರದ ಲಾರಿ ಬಾವಿಯ ಕಡೆ ಹೊರಟಿತು. ಮುಂದೆ ಸಾಹೇಬರ ಜೀಪು, ಹಿಂದೆ ಇಬ್ಬರು ಪೊಲೀಸರು, ತಹಸೀಲಿನ ಕಾರಕೂನರು.

ನೀರಿಗೆ ಹೋಗಿದ್ದ ಹೆಂಗಸರು ಲಾರಿ ಕಂಡು ಕೊಡ ಇಳಿಸಿ ಬಾವಿಯ ಸುತ್ತ ಕುಳಿತುಬಿಟ್ಟರು. ಯಾರೂ ಹೇಳಿ ಮಾಡಿಸಿದ್ದಲ್ಲ. ಸುದ್ದಿ ಕೇಳಿ ಉಳಿದವರೂ ಬಂದರು. ಅವ್ವನೂ ಹೋಗಿ ಕುಳಿತಳು, ಪಕ್ಕದಾಕೆ ಒಂದು ಗೇಣು ಸರಿದು ಕುಳಿತದ್ದನ್ನು ನಾನು ನೋಡಿದೆ. ಗಂಡಸರು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದರು.

ಕಾರಕೂನರು ಚೀಲದಿಂದ ಕಾಗದ ತೆಗೆದು ನನ್ನ ಕೈಗೆ ಕೊಟ್ಟರು. "ನೀವ ಬರದದ್ದಲ್ಲೇನ್ರಿ? ನೀವ ಓದಿ ಹೇಳ್ರಿ ಇವರಿಗೆ."

ನಾನು ಓದಿದೆ. ನನ್ನ ಅಕ್ಷರ ಚೆಂದವಿದೆ, ಎಲ್ಲರೂ ಹೊಗಳುತ್ತಿದ್ದರು. ಊರ ಬಾವಿಯ ಸುತ್ತಲಿನ ಜಾಗದಲ್ಲಿಯೂ ಎಂದು ಓದುವಾಗ ದನಿ ಸಣ್ಣದಾಯಿತು, ಸಂತೋಷದಿಂದ ಎಂಬಲ್ಲಿ ನಿಂತಿತು. ಕಾರಕೂನರು, "ಮುಂದ ಓದ್ರಿ" ಎಂದರು. ಮುಗಿಸಿದೆ. ಒಬ್ಬಳು ಎದ್ದು ಕೊಡ ಎತ್ತಿಕೊಂಡಳು. ಇನ್ನೊಬ್ಬಳು ಎದ್ದಳು. ತಮ್ಮ ಗಂಡ ಹೆಬ್ಬೆಟ್ಟು ಒತ್ತಿದ ಮೇಲೆ ತಾವೇನು ಹೇಳುವುದು ಎಂಬಂತೆ ಮೂವರು ನಾಲ್ವರು ಎದ್ದರು.

"ಅದರಾಗ ನನ್ನ ಹೆಬ್ಬೆಟ್ಟ ಅದ ಏನು?" ಕುಳಿತಲ್ಲಿಂದಲೇ ಅವ್ವ ಕೇಳಿದಳು.

"ಇಲ್ಲವ್ವಾ."

"ಇಲ್ಲಿ ಕುಂತವರದು, ಒಬ್ಬಾಕೀದರ?"

ನಾನು ಕೆಳಗಿನ ನೀಲಿ ಗುರುತುಗಳನ್ನು ನೋಡಿದೆ. ಮೂರು ಸಾಲು. "ಇಲ್ಲ. ಎಲ್ಲಾ ಗಂಡಸರದು."

"ಈ ಬಾವ್ಯಾಗ ಗಂಡಸರು ಎಂದು ನೀರ ಸೇದ್ಯಾರ? ಹಗ್ಗ ಹಿಡದ ಕೈ ನಮ್ಮವು. ನಮ್ಮನ್ನ ಯಾರೂ ಕೇಳಿಲ್ಲ, ನಾವು ಏನೂ ಕೊಟ್ಟಿಲ್ಲ. ಸಾಹೇಬ್ರಿಗಿ ಹೇಳು."

ಹೇಳಿದೆ. ನನ್ನ ಹರಕು ಇಂಗ್ಲಿಷಿನಲ್ಲಿ, ಒಮ್ಮೆ ನಪಾಸಾದ ಇಂಗ್ಲಿಷಿನಲ್ಲಿ ಹೇಳಿದೆ. ಎದ್ದವರು ಮತ್ತೆ ಕುಳಿತರು. ಸರಿದು ಕುಳಿತಿದ್ದಾಕೆ ಅವ್ವನಿಗೆ ಹತ್ತಿಕೊಂಡು ಕುಳಿತಳು. ನಾನು ಕಾಗದವನ್ನು ಕಾರಕೂನರ ಕೈಗೆ ಕೊಟ್ಟು ಅವರ ನಡುವೆ ಹೋಗಿ ಕುಳಿತೆ. ಹರಿದು ಬಾವಿಗೆ ಹಾಕಬೇಕಿತ್ತು ಎಂದು ಆಮೇಲೆ ಬಹಳ ಮಂದಿ ಹೇಳಿದರು. ಹಾಗೆ ಮಾಡುವ ಎದೆಗಾರಿಕೆ ನನಗಿರಲಿಲ್ಲ. ಸರಕಾರದ ಕಾಗದ ಹರಿಯಬಾರದೆಂಬ ಬುದ್ಧಿಯೂ ಓದಿನ ಜೊತೆಗೇ ಬಂದಿತ್ತು.

ಮೂರು ದಿನ ಕುಳಿತೆವು, ಸರದಿಯ ಮೇಲೆ. ಆ ಮೂರು ದಿನ ಕೂಲಿಗಳಿಗೂ ನಮ್ಮ ಬುಟ್ಟಿಯಿಂದಲೇ ರೊಟ್ಟಿ. ಹಿರೋಳ್ಳಿಯವನು ಲಾರಿಯ ನೆರಳಿನಲ್ಲಿ ಕುಳಿತು ತಿನ್ನುತ್ತಿದ್ದ, ನಮ್ಮ ಕಡೆ ನೋಡುತ್ತಿರಲಿಲ್ಲ. ನಾಲ್ಕನೆಯ ದಿನ ಲಾರಿ ಹಿಂದಕ್ಕೆ ತಿರುಗಿತು. ಗೆದ್ದೆವೆಂದು ಕೆಲವರು ಕೂಗಿದರು. ಲಾರಿ ದೂರ ಹೋಗಲಿಲ್ಲ, ಬಾವಿಯಿಂದ ಎರಡು ಹೊಲ ಆಚೆ ಗೌಡರ ಸ್ವಂತ ಹೊಲದಲ್ಲಿ ನಿಂತಿತು. ಅದಕ್ಕೆ ಗೌಡರೇ ಬೇರೆ ಒಪ್ಪಿಗೆಯ ಕಾಗದ ಕೊಟ್ಟಿದ್ದರು. ಅದನ್ನು ಯಾರು ಬರೆದರೋ ನನಗೆ ಗೊತ್ತಿಲ್ಲ.

ಹತ್ತು ಹನ್ನೆರಡು ದಿನ ಕೊರೆದರು. ಒಂದು ಮುಂಜಾನೆ ಬಾವಿಯಿಂದ ಬಂದ ಕೊಡದಲ್ಲಿ ನೀರು ಅಕ್ಕಿ ತೊಳೆದಂತೆ ಬೆಳ್ಳಗಿತ್ತು. ಕೊರೆಯುವಾಗ ಹಾಕುವ ಕೆಸರು ಕಲ್ಲಿನ ಸಂದಿಯಲ್ಲಿ ಹರಿದು ಬಂದಿರಬೇಕು ಎಂದು ಸಾಹೇಬರು ಹೇಳಿದರು, ತಾನೇ ತಿಳಿಯಾಗುತ್ತದೆ ಎಂದರು. ಆ ಬೇಸಿಗೆ ತಿಳಿಯಾಗಲಿಲ್ಲ. ಕ್ಯಾಂಪು ಕಿತ್ತುಹೋಯಿತು. ಕಲ್ಲಿನ ಪೆಟ್ಟಿಗೆಗಳು ಹೋದವು, ಅವುಗಳಲ್ಲಿ ಏನು ಸಿಕ್ಕಿತೆಂದು ನಮಗೆ ಯಾರೂ ಹೇಳಲಿಲ್ಲ. ಗಾಯರಾಣದಲ್ಲಿ ನಂಬರು ಕೆತ್ತಿದ ಸಿಮೆಂಟಿನ ಗಡ್ಡೆಗಳು ಉಳಿದವು. ದನ ಅವಕ್ಕೆ ಮೈ ತಿಕ್ಕುತ್ತವೆ.

ಮುಂಗಾರು ಬಂದ ಮೇಲೆ ನೀರು ಮೊದಲಿನ ಬಣ್ಣಕ್ಕೆ ಬಂತು. ಆದರೆ ಕುಡಿಯಲು ಯಾರಿಗೂ ಧೈರ್ಯವಿಲ್ಲ. ಹೆಂಗಸರು ಮುಕ್ಕಾಲು ಹರದಾರಿ ನಡೆದು ಹಳ್ಳದ ಒರತೆಯಿಂದ ತರಲು ಶುರುಮಾಡಿದರು. ಬಾವಿಯ ಹಗ್ಗ ಗಾಲಿಯ ಮೇಲೆಯೇ ಒಣಗಿ ಹರಿಯಿತು. ಅವ್ವ ಮಾತ್ರ ಪೂಜೆಗೆ ಆ ಬಾವಿಯ ನೀರನ್ನೇ ತರುತ್ತಿದ್ದಳು. ಲಿಂಗಕ್ಕೆ ಎರೆದ ಮೇಲೆ ಅದರ ತೀರ್ಥ ತಾನು ತೆಗೆದುಕೊಳ್ಳುತ್ತಿದ್ದಳು, ನನಗೆ ಕೊಡುತ್ತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ. "ನಿನ್ನ ಮುಂದ ಇನ್ನಾ ಬಾಳ ದಿನ ಅದಾವ" ಎಂದಳು.

ನಾನು ಆಮೇಲೆ ಅಫಜಲಪುರದ ಶಾಲೆಯೊಂದರಲ್ಲಿ ಮಾಸ್ತರಿಕೆ ಹಿಡಿದೆ. ರಜೆಗೆ ಬಂದಾಗ ಎರಡು ಸಲ ತಹಸೀಲಿಗೆ ಹೋಗಿ ಆ ಕಾಗದ ವಾಪಸು ಕೊಡಿರೆಂದು ಕೇಳಿದೆ. ಮೊದಲ ಸಲ, ಅದು ಊರಿನವರ ಕಾಗದ, ನಿಮ್ಮೊಬ್ಬರಿಗೆ ಹೇಗೆ ಕೊಡುವುದು ಎಂದರು. ಎರಡನೆಯ ಸಲ, ಫೈಲು ಮೇಲಿನವರ ಕಡೆ ಹೋಗಿದೆ ಎಂದರು. ಮುಂದೊಂದು ದಿನ ಗಣಿಯೇ ಬಂದರೆ ಅದನ್ನು ಮತ್ತೆ ತೆಗೆದು ತೋರಿಸುತ್ತಾರೆ. ಆಗ "ಅದರಾಗ ನನ್ನ ಹೆಬ್ಬೆಟ್ಟ ಅದ ಏನು" ಎಂದು ಅವ್ವ ಕೇಳಿದ ಹಾಗೆ ಕೇಳಲು ಬಾವಿಯ ಸುತ್ತ ಯಾರಾದರೂ ಕುಳಿತಿರಬೇಕು. ಅವರೊಡನೆ ನಾನು ಕುಳಿತರೂ ಆ ಮಾತನ್ನು ನಾನು ಕೇಳಲಾರೆ. ಆ ಕಾಗದದಲ್ಲಿ ಹೆಂಗಸಿನ ಹೆಸರು ಒಂದಿದೆ, ಚೆಂದದ ಅಕ್ಷರದಲ್ಲಿ, ಮುಂದೆ ಬಿ.ಎ. ಎಂದು.